ಜಪಾನೀ ಹುಡುಗ ಹೇಳಿದನೋ ಇಲ್ಲವೋ

ಹೈಸ್ಕೂಲು ಓದುವ ಮಗಳಿರುವ ಮನೆಯಲ್ಲಿ ತಮಾಷೆಗೆ ಬರವಿಲ್ಲ. ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆಯಲ್ಲಂತೂ ವಾರಕ್ಕೊಂದು ಗ್ಯಾರಂಟಿ. ನಗೆಪಾಟಲಾಗುವವನು ಮಾತ್ರ ಯಾವಾಗಲೂ ನಾನೇ.

ತನಿಖೆ

ಮಗಳ ಬ್ಯಾಗಿನಲ್ಲಿ ನನ್ನ ಹೆಂಡತಿಗೆ ಲೈಬ್ರರಿಯ ಪುಸ್ತಕವೊಂದು ಸಿಕ್ಕಿತು. ಮಾಂಗಾ ಅನ್ನುತ್ತಾರಲ್ಲ, ಜಪಾನಿನ ಚಿತ್ರಕಥೆ, ಇಂಗ್ಲಿಷಿಗೆ ಬಂದದ್ದು. ರಟ್ಟಿನ ಮೇಲೆ ಯೂನಿಫಾರ್ಮ್ ಹಾಕಿದ ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರ ಕೆನ್ನೆಯೂ ಕೆಂಪು. ಒಟ್ಟು ಎಂಟು ಭಾಗಗಳಂತೆ. ಮಗಳು ಇದನ್ನು ಓದಬಹುದೋ ಬೇಡವೋ, ಮೊದಲ ಭಾಗ ನೋಡಿ ಹೇಳಿ ಎಂದು ಹೆಂಡತಿ ಪುಸ್ತಕವನ್ನು ನನ್ನ ಕೈಗಿಟ್ಟಳು.

ತೆರೆದ ಕೂಡಲೇ ದಪ್ಪಕ್ಷರದಲ್ಲಿ 'ನಿಲ್ಲಿ, ನೀವು ತಪ್ಪು ಕಡೆ ಹೊರಟಿದ್ದೀರಿ' ಎಂದಿತ್ತು. ಮಕ್ಕಳಿಗೆ ಬುದ್ಧಿ ಹೇಳುವ ಪುಸ್ತಕವಿರಬೇಕು ಎಂದುಕೊಂಡು, ಕೆಳಗಿನ ಸಣ್ಣಕ್ಷರ ಬಿಟ್ಟು ಮುಂದೆ ಹೋದೆ. ಮೊದಲ ಚಿತ್ರದಲ್ಲೇ ಇಬ್ಬರೂ ಒಂದೇ ಕೊಡೆಯಡಿ ನಿಂತಿದ್ದರು. ಎದೆ ಧಸಕ್ಕೆಂದಿತು. ಆದರೆ ಪುಟ ತಿರುವಿದ ಹಾಗೆಲ್ಲ ಇಬ್ಬರೂ ದೂರ ದೂರವಾದರು. ಕೊನೆಯ ಪುಟದಲ್ಲಂತೂ ಒಬ್ಬರಿಗೊಬ್ಬರು ಪರಿಚಯವೇ ಇರಲಿಲ್ಲ. ಮಾತುಕತೆಯಲ್ಲಿ ಉತ್ತರ ಮೊದಲು, ಪ್ರಶ್ನೆ ಆಮೇಲೆ ಬರುತ್ತಿತ್ತು. ನಮ್ಮ ಆಫೀಸಿನ ಮೀಟಿಂಗುಗಳೂ ಹಾಗೇ ಇರುವುದರಿಂದ ನನಗೆ ಅನುಮಾನ ಬರಲಿಲ್ಲ.

ಪ್ರೀತಿಗೀತಿ ಎಲ್ಲ ಬಿಟ್ಟು ಕೊನೆಗೆ ಇಬ್ಬರೂ ತಮ್ಮ ಪಾಡಿಗೆ ಓದಿಕೊಂಡಿರುತ್ತಾರೆ, ಬಹಳ ಒಳ್ಳೆಯ ಪುಸ್ತಕ ಎಂದು ವರದಿ ಒಪ್ಪಿಸಿದೆ. ಎಂಟೂ ಭಾಗಗಳಿಗೆ ಅಪ್ಪಣೆ ಸಿಕ್ಕಿತು.

ಆಮೇಲೆ ಮಗಳು ನನ್ನನ್ನು ಗರಾಜಿಗೆ ಕರೆದುಕೊಂಡು ಹೋಗಿ, ಜಪಾನೀ ಪುಸ್ತಕವನ್ನು ಬಲಗಡೆಯಿಂದ ಓದಬೇಕೆಂದು ತೋರಿಸಿಕೊಟ್ಟಳು. "ಯು ರೆಡ್ ದಿ ಹೋಲ್ ಥಿಂಗ್ ಬ್ಯಾಕ್‌ವರ್ಡ್ಸ್, ಅಪ್ಪ. ಪ್ಲೀಸ್, ಅಮ್ಮಂಗೆ ಹೇಳ್ಬೇಡ."

ಹೇಳುವ ಧೈರ್ಯ ನನಗೂ ಇರಲಿಲ್ಲ.

ಪಕ್ಕದ ಮನೆಯ ಅಜ್ಜಿ

ಪಕ್ಕದ ಮನೆಯವರು ಮೈಸೂರಿನ ಮಂಡಿ ಮೊಹಲ್ಲಾದವರು. ಆ ಮನೆಯ ಅಜ್ಜಿ ಆರು ತಿಂಗಳಿಗೆಂದು ಮಗನ ಹತ್ತಿರ ಬಂದಿದ್ದರು. ಸಂಜೆ ನಮ್ಮ ಮನೆಗೆ ಬಂದು ಚಹಾ ಕುಡಿದು, ಅಚ್ಚ ಮೈಸೂರು ಕನ್ನಡದಲ್ಲಿ ನ್ಯೂಜೆರ್ಸಿಯ ಚಳಿಗೆ ಶಾಪ ಹಾಕುತ್ತಿದ್ದರು.

ಒಂದು ದಿನ, ನನ್ನ ಹೆಂಡತಿ ಇನ್ನೂ ಆಫೀಸಿನಿಂದ ಬಾರದಿದ್ದಾಗ, ಮಗಳ ಪುಸ್ತಕವನ್ನು ಎತ್ತಿಕೊಂಡು ಸರಿಯಾದ ಕಡೆಯಿಂದಲೇ ತೆರೆದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಮಗಳು ಬೆರಗಾದಳು.

"ಉರ್ದು ಓದೋರು ಇನ್ನೆಲ್ಲಿಂದಮ್ಮ ತೆಗೀತಾರೆ? ನಿಮ್ಮ ಪುಸ್ತಕಗಳೇ ಉಲ್ಟಾ" ಅಂದರು.

ಅವರಿಗೆ ಇಂಗ್ಲಿಷ್ ಬಾರದು. ಚಿತ್ರ ಅವರು ನೋಡುವುದು, ಮಾತು ಮಗಳು ಕನ್ನಡದಲ್ಲಿ ಹೇಳುವುದು ಎಂದಾಯಿತು. ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ತಡವರಿಸಿಕೊಂಡು ಒಂದೊಂದು ಗಂಟೆ ಕನ್ನಡ ಆಡುವುದನ್ನು ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು.

ಅಜ್ಜಿಗೆ ಮಾತ್ರ ಒಂದೇ ಸಂಕಟ. ಐದು ಭಾಗ ಮುಗಿದರೂ ಆ ಹುಡುಗ ತನ್ನ ಮನಸ್ಸಿನಲ್ಲಿದ್ದದ್ದನ್ನು ಹುಡುಗಿಗೆ ಹೇಳಿರಲಿಲ್ಲ. ಬಾಯಿ ತೆರೆದಾಗಲೆಲ್ಲ ರೈಲು ಬರುತ್ತಿತ್ತು, ಇಲ್ಲವೇ ಸ್ಕೂಲಿನ ಬೆಲ್ಲು ಹೊಡೆಯುತ್ತಿತ್ತು.

"ಇಷ್ಟು ಹೊತ್ತಿಗೆ ನಮ್ಮ ಕಡೆ ಎರಡು ಮಕ್ಕಳಾಗಿರೋವು" ಎಂದು ಪುಸ್ತಕ ಮುಚ್ಚಿಟ್ಟು ಚಹಾ ಕೇಳಿದರು.

ಕೊನೆಯ ಭಾಗ

ಏಳನೆಯ ಭಾಗದಲ್ಲೂ ಅವನು ಹೇಳಲಿಲ್ಲ. ಎಂಟನೆಯದು ಲೈಬ್ರರಿಯಲ್ಲಿ ಇರಲಿಲ್ಲ. ಇನ್ಯಾರೋ ತೆಗೆದುಕೊಂಡು ಹೋಗಿದ್ದರು. ವಾಪಸ್ಸು ಬಂದ ಕೂಡಲೇ ತನಗೇ ಕೊಡಲಿ ಎಂದು ಮಗಳು ಹೋಲ್ಡ್ ಹಾಕಿ ಕಾದಳು. ಅಷ್ಟರಲ್ಲಿ ಅಜ್ಜಿ ಊರಿಗೆ ಹೊರಡುವ ದಿನ ಬಂತು. "ಅವನು ಹೇಳಿದ್ನೋ ಇಲ್ವೋ ಗೊತ್ತಾಗದೆ ನಾನು ಹೆಂಗಮ್ಮ ವಿಮಾನ ಹತ್ಲಿ?" ಎನ್ನುತ್ತ, ವಿದಾಯ ಹೇಳಲು ಬಂದವರು ಸೋಫಾದ ಮೇಲೆ ಕೂತುಬಿಟ್ಟರು. ಮಗಳ ಕಣ್ಣಲ್ಲಿ ನೀರು.

ಆಗ ನನ್ನ ಹೆಂಡತಿ ಒಳಗೆ ಹೋಗಿ ತನ್ನ ಆಫೀಸ್ ಬ್ಯಾಗಿನಿಂದ ಎಂಟನೆಯ ಭಾಗವನ್ನು ತಂದಳು. ಅಡುಗೆಮನೆಯಿಂದಲೇ ಅಷ್ಟೂ ಕಥೆ ಕೇಳಿಸಿಕೊಂಡು, ತಡೆಯಲಾಗದೆ, ತನ್ನ ಲೈಬ್ರರಿ ಕಾರ್ಡಿನಲ್ಲಿ ಮೊದಲೇ ತಂದಿಟ್ಟುಕೊಂಡಿದ್ದಳಂತೆ. ಲಂಚ್ ಹೊತ್ತಿನಲ್ಲಿ ಓದಿ ಮುಗಿಸಿದ್ದಳು. ಹೇಳಲು ಮಾತ್ರ ಮನಸ್ಸು ಬಂದಿರಲಿಲ್ಲ.

"ಬೇಜಾರ್ ಮಾಡ್ಕೋಬೇಡಿ ಅಜ್ಜಿ. ಶುರೂನಲ್ಲಿ ಕೈ ಹಿಡ್ಕೊಂಡು ಓಡಾಡ್ತಾರೆ. ಕೊನೇಲಿ ಜಗಳ ಆಡಿ ಮಾತೇ ಬಿಟ್ಬಿಡ್ತಾರೆ" ಅಂದಳು.

ಅಜ್ಜಿ ಪುಸ್ತಕ ಇಸಿದುಕೊಂಡರು. ಅದನ್ನು ತಿರುಗಿಸಿ, ಬಲಗಡೆಯಿಂದ ತೆರೆದು, ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟುಕೊಂಡು ಹೋದರು. ಜಗಳ ಮೊದಲು ಬಂತು. ಆಮೇಲೆ ರೈಲ್ವೆ ಸ್ಟೇಷನ್ ಬಂತು; ಈ ಸಲ ರೈಲು ಹೊರಟುಹೋದ ಮೇಲೂ ಹುಡುಗ ಅಲ್ಲೇ ನಿಂತಿದ್ದ. ಮಗಳು ಅವನ ಮಾತನ್ನು ಕನ್ನಡದಲ್ಲಿ ಓದಿ ಹೇಳಿದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸದ್ಯ ಹೇಳಿದನಲ್ಲ, ಇನ್ನು ನಿಶ್ಚಿಂತೆಯಿಂದ ಹೊರಡುತ್ತೇನೆ ಎಂದರು.

ನನ್ನ ಹೆಂಡತಿ ಪುಸ್ತಕವನ್ನು ಎತ್ತಿಕೊಂಡು ಎಡಗಡೆಯಿಂದೊಮ್ಮೆ, ಬಲಗಡೆಯಿಂದೊಮ್ಮೆ ತೆರೆದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ರೀ, ಮೊದಲನೇ ಭಾಗ ನೀವು ಯಾವ ಕಡೆಯಿಂದ ಓದಿದ್ರಿ?"

ಮಗಳು ಅಜ್ಜಿಯ ಬೆನ್ನ ಹಿಂದೆ ಸರಿದಳು. ಅಜ್ಜಿಯನ್ನು ಏರ್‌ಪೋರ್ಟಿಗೆ ಬಿಡುವುದು ಅವರ ಮಗನೇ ಎಂದು ಮೊದಲೇ ಮಾತಾಗಿತ್ತು. ನಾನೂ ಅವರ ಕಾರು ಹತ್ತಿದೆ.