ಮಾವ ಕೊಳ್ಳದ ಗ್ರಾಫಿಕ್ಸ್ ಕಾರ್ಡು

ನಮ್ಮ ಸೋದರಮಾವನಿಗೆ ವಸ್ತು ಕೊಳ್ಳುವುದಕ್ಕೆ ಬರುವುದಿಲ್ಲ. ಕೊಳ್ಳದೆ ಇರುವುದರಲ್ಲಿ ಮಾತ್ರ ಅವರನ್ನು ಮೀರಿಸುವವರು ಉತ್ತರಹಳ್ಳಿಯಿಂದ ಜಯನಗರದವರೆಗೆ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ಅಡ್ಡಬೀಳುತ್ತೇನೆ! ಪೊರಕೆ ಬೇಕೆಂದರೆ ಮೂರು ಅಂಗಡಿಗಳಲ್ಲಿ ಗುಡಿಸಿ ನೋಡಿ, ಕೊನೆಗೆ ಮುಂದಿನ ವಾರ ಬರುತ್ತೇನೆಂದು ಹೇಳಿ ಬರಿಗೈಯಲ್ಲಿ ಮನೆಗೆ ಬರುವ ಮನುಷ್ಯ. ಅಂಥವರಿಗೆ ನಾನು ಗ್ರಾಫಿಕ್ಸ್ ಕಾರ್ಡ್ ತರುವ ಕೆಲಸ ಕೊಟ್ಟೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ!

ಕೊಟ್ಟೆ ಎಂದರೆ ತಪ್ಪಾಗುತ್ತದೆ. ಅವರೇ ಕಿತ್ತುಕೊಂಡರು. ನಾನು ತ್ಯಾಗರಾಜನಗರದ ಮನೆಯಲ್ಲೇ ಕೂತು ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ ಪುಟ ಸಿದ್ಧಮಾಡುವವಳು. ಹಳೆಯ ಪುಟಗಳ ಸ್ಕ್ಯಾನ್ ಬರುತ್ತದೆ. ಅದನ್ನು ನೋಡಿಕೊಂಡು, ಟೈಪಾದದ್ದನ್ನು ಸಾಲು ಸಾಲಾಗಿ ತಿದ್ದಬೇಕು. ಒಂದೇ ಮಾನಿಟರಿನಲ್ಲಿ ಅದನ್ನೊಮ್ಮೆ ಇದನ್ನೊಮ್ಮೆ ತೆರೆದು ನೋಡುತ್ತಾ ಕಳೆದ ಪುಸ್ತಕದಲ್ಲಿ ಇಡೀ ಒಂದು ಪ್ಯಾರಾ ಬಿಟ್ಟುಬಿಟ್ಟಿದ್ದೆ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪ್ರಕಾಶಕರು ಮುಲಾಜಿಲ್ಲದೆ ಹೇಳಿದ್ದರು. ಎರಡನೇ ಮಾನಿಟರೇನೋ ಮನೆಯಲ್ಲಿತ್ತು. ಅದರ ವೈರು ಚುಚ್ಚಲು ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಒಂದು ಸಾದಾ, ಅಗ್ಗದ ಕಾರ್ಡ್ ಹಾಕಿದರೆ ಸಾಕಿತ್ತು.

‘ನೀನು ಹೋದ್ರೆ ಟೋಪಿ ಹಾಕ್ತಾರೆ ಕಣೇ, ನಾನು ನೋಡ್ಕೋತೀನಿ’ ಎಂದರು ಮಾವ. ‘ಕಾರ್ಡ್ ಬರೋವರೆಗೂ ನಾನೇ ಓದ್ತೀನಿ, ನೀನು ತಿದ್ಕೊಂಡು ಹೋಗು.’

ಅವರು ಮೂವತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಮಾಡಿದ್ದು ಅದೇ ಕೆಲಸ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫ್ ತಿದ್ದುವುದು. ಓದುವಾಗ ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಮುದ್ರಣಾಲಯ ಮುಚ್ಚಿ ಎಷ್ಟೋ ವರ್ಷವಾಯಿತು, ಮಾವನ ಬಾಯಿ ಮುಚ್ಚಲಿಲ್ಲ. ‘ಇವತ್ತು ಉಪ್ಪಿಟ್ಟು ಬೇಡ, ಪೂರ್ಣವಿರಾಮ’ ಎಂದು ನಮ್ಮತ್ತೆಯ ಮುಖಕ್ಕೇ ಹೇಳುವವರು. ಅತ್ತೆಗೆ ಫೋನ್ ಮಾಡಿ ಇವರನ್ನು ದಿನಾ ಕಳಿಸಬಹುದೇ ಎಂದು ಕೇಳಿದರೆ, ಸಂಜೆಯವರೆಗೂ ನೀನೇ ಇಟ್ಟುಕೋ ಎಂದುಬಿಟ್ಟರು! ಅಂತೂ ದಿನಾ ಬೆಳಿಗ್ಗೆ ಉತ್ತರಹಳ್ಳಿಯಿಂದ ಬಸ್ಸು ಹತ್ತಿ, ಸ್ಕ್ಯಾನ್ ಪುಟಗಳ ಜೆರಾಕ್ಸನ್ನು ದಾರದಲ್ಲಿ ಕಟ್ಟಿ, ಕೈಚೀಲದಲ್ಲಿಟ್ಟುಕೊಂಡು ಬರತೊಡಗಿದರು.

ಕಾರ್ಡು? ಕೇಳಿ.

ಮೊದಲು ಜಯನಗರದ ಅಂಗಡಿ. ನಾನೂ ಜೊತೆಗಿದ್ದೆ, ನನ್ನ ಕರ್ಮ. ಅಂಗಡಿಯವರು ಒಂದು ಡಬ್ಬ ತೋರಿಸಿ, ಇದರಲ್ಲಿ ಸಣ್ಣಪುಟ್ಟ ಗೇಮೂ ಆಡಬಹುದು ಎಂದರು. ಮಾವನಿಗೆ ಅಷ್ಟು ಸಾಕಾಯಿತು.

‘ನಮ್ಮನೇಲಿ ಯಾರೂ ಗೇಮ್ ಆಡಲ್ಲ. ಆ ಗೇಮ್ ತೆಗೆದು ಎಷ್ಟಾಗುತ್ತೆ ಹೇಳಿ.’

‘ಹಂಗೆಲ್ಲ ತೆಗೆಯಕ್ಕಾಗಲ್ಲ ಅಂಕಲ್.’

‘ಯಾಕಾಗಲ್ಲ? ಕಾಫಿಪುಡಿಯವನು ಚಿಕೋರಿ ಇಲ್ಲದೆ ಕೊಡಲ್ವಾ?’

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರಿನಲ್ಲಿ ರಾಹುಕಾಲ ಹುಡುಕುತ್ತಾ ನಿಂತೆ.

ಆಮೇಲೆ ಬಿಟಿಎಂ ಲೇಔಟ್. ಅಲ್ಲಿ ತೋರಿಸಿದ ಕಾರ್ಡಿಗೆ ಪುಟ್ಟ ಫ್ಯಾನಿತ್ತಂತೆ. ಮಾವ ಬಂದವರೇ, ಫ್ಯಾನಿದ್ದ ಮೇಲೆ ಬೇರಿಂಗ್ ಹೋಗುತ್ತದೆ, ಬೇರಿಂಗ್ ಹೋದರೆ ಕಟಕಟ ಎನ್ನುತ್ತದೆ, ಕಟಕಟ ಎಂದರೆ ನಾನು ಓದುವುದು ನಿನಗೆ ಕೇಳುವುದಿಲ್ಲ ಎಂದರು. ಅಯ್ಯೋ ದೇವರೇ, ಕಾರ್ಡ್ ಬಂದ ಮೇಲೆ ನೀವು ಯಾಕೆ ಓದಬೇಕು ಎಂದೆ ನಾನು. ಅವರು ಕನ್ನಡಕ ಒರೆಸಿಕೊಂಡರು. ನಾನು ಸಿಟ್ಟಿನಲ್ಲಿ ಅದಕ್ಕೆ ಗಮನ ಕೊಡಲಿಲ್ಲ.

ಮೂರನೆಯ ಸಲದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಕಂಪ್ಯೂಟರು ಆಫೀಸಿನವರು ಹಳೆಯದಾದ ಮೇಲೆ ಮಾರಿಬಿಡುವಂಥ ತೆಳ್ಳನೆಯ ಡಬ್ಬ, ಅದಕ್ಕೆ ಮಾಮೂಲಿ ಕಾರ್ಡ್ ಕೂರುವುದಿಲ್ಲ, ಗಿಡ್ಡದ್ದೇ ಬೇಕು. ಅಳತೆ ತೆಗೆದುಕೊಂಡು ಹೋಗಿ ಎಂದೆ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಮೇಜು ಖಾಲಿ! ಮಾವ ನನ್ನ ಇಡೀ ಕಂಪ್ಯೂಟರನ್ನೇ ಟವೆಲಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಅದೇ ಜಯನಗರದ ಅಂಗಡಿಗೆ ಹೋಗಿದ್ದರು. ಆ ದಿನ ಸಂಜೆ ಒಂದು ಅಧ್ಯಾಯ ಕಳಿಸಬೇಕಿತ್ತು. ನಾನು ಖಾಲಿ ಮೇಜಿನ ಮುಂದೆ ಕೂತು ಹಲ್ಲು ಕಡಿಯುತ್ತಿದ್ದೆ. ಮಧ್ಯಾಹ್ನ ಬಂದವರು ಡಬ್ಬ ಇಳಿಸಿ, ಗಿಡ್ಡದ್ದು ಸ್ಟಾಕ್ ಇಲ್ಲವಂತೆ ಎಂದರು. ನಾನು ಬಾಯಿಗೆ ಬಂದಂತೆ ಅಂದೆ. ನಿಮ್ಮಿಂದ ನನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದೂ ಅಂದೆ. ಅವರು ಜೆರಾಕ್ಸಿನ ದಾರ ಬಿಚ್ಚಿ, ನಿಲ್ಲಿಸಿದ್ದಲ್ಲಿಂದ ಓದತೊಡಗಿದರು. ಅಧ್ಯಾಯ ಸಂಜೆಗೆ ಹೋಯಿತು.

ಆಮೇಲೆ ಎರಡು ವಾರ ದಿನಾ ಅದೇ ಮಾತು. ಸ್ಟಾಕ್ ಬಂದಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಮಾವ ಕಾಫಿ ಕುಡಿಯುತ್ತಿದ್ದಾಗ, ತರಕಾರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ನಾನೇ ಜಯನಗರದ ಅಂಗಡಿಗೆ ಹೋದೆ. ಗಿಡ್ಡ ಕಾರ್ಡ್, ಫ್ಯಾನ್ ಬೇಡ, ಎರಡು ಮಾನಿಟರ್ ನಡೆದರೆ ಸಾಕು ಎಂದೆ.

ಅಂಗಡಿಯವರು ನನ್ನ ಗುರುತು ಹಿಡಿದರು. ‘ಮೇಡಂ, ಅಂಕಲ್ ತಗೊಂಡ್ ಹೋದ್ರಲ್ಲ. ಡಬ್ಬ ಹೊತ್ಕೊಂಡ್ ಬಂದಿದ್ದ ದಿನಾನೇ. ಎರಡು ಸ್ಕ್ರೀನ್ ಹಾಕಿ ತೋರಿಸು ಅಂದ್ರು, ತೋರಿಸ್ದೆ. ತುಂಬ ಹೊತ್ತು ನೋಡಿದ್ರು. ಆಮೇಲೆ, ಬಿಚ್ಚಿ ಕೊಡಪ್ಪ, ಮನೇಲಿ ಹಾಕ್ಕೋತೀವಿ ಅಂದ್ರು.’

ನನಗೆ ಎಂಥ ಕೋಪ ಬಂತೆಂದರೆ ಆಟೋಗೂ ಕಾಯದೆ ಮನೆಯವರೆಗೆ ನಡೆದೇ ಬಂದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಮಾವ ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲಿ, ಪೆನ್ಸಿಲ್ ಕೆತ್ತಿಟ್ಟುಕೊಂಡು, ಕನ್ನಡಕ ಹಾಕಿಕೊಂಡು ತಯಾರಾಗಿ ಕೂತಿದ್ದರು.

‘ಮಾವ, ಕಾರ್ಡ್ ಎಲ್ಲಿ?’

ಅವರು ನನ್ನ ಮುಖ ನೋಡಲಿಲ್ಲ. ಕೈಚೀಲದಲ್ಲಿ, ಜೆರಾಕ್ಸ್ ಕಟ್ಟಿನ ಕೆಳಗೆ ಕೈಹಾಕಿ ಪುಟ್ಟ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಮೂಲೆಗಳೆಲ್ಲ ಸವೆದುಹೋಗಿದ್ದವು.

‘ದಿನಾ ತರ್ತಿದ್ದೆ ಕಣೇ, ಕೊಡೋಣ ಅಂತಾನೇ. ಇವತ್ತೊಂದಿನ ಓದಿಬಿಡೋಣ, ನಾಳೆ ಕೊಟ್ರಾಯ್ತು ಅನ್ಸೋದು.’

ಜೋಡಿಸಿಕೊಂಡು ಬಂದಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಇನ್ನೊಂದು ವಿಷಯ ನಾನು ಇಲ್ಲಿಯವರೆಗೆ ನಿಮಗೆ ಹೇಳದೆ ಮುಚ್ಚಿಟ್ಟಿದ್ದೆ. ಆ ಮೂರು ವಾರದಲ್ಲಿ ಒಂದು ಸಾಲು, ಒಂದು ಅಲ್ಪವಿರಾಮ ಕೂಡ ತಪ್ಪಿರಲಿಲ್ಲ. ಪ್ರಕಾಶಕರು ಫೋನ್ ಮಾಡಿ ಮುಂದಿನ ಪುಸ್ತಕವನ್ನೂ ನನಗೇ ಕೊಡುವುದಾಗಿ ಹೇಳಿದ್ದರು. ಅದನ್ನು ನಾನು ಮಾವನಿಗೂ ಹೇಳಿರಲಿಲ್ಲ.

ಕಾರ್ಡ್ ಹಾಕಿದೆ. ಎರಡೂ ಮಾನಿಟರ್ ಹತ್ತಿಕೊಂಡವು. ಮಾವ ಕನ್ನಡಕವನ್ನು ಡಬ್ಬಿಗೆ ಹಾಕಿ, ಚೀಲ ತೆಗೆದುಕೊಂಡು ಎದ್ದರು. ನಾನು ಎರಡನೇ ಮಾನಿಟರನ್ನು ಅವರ ಕುರ್ಚಿಯ ಕಡೆ ತಿರುಗಿಸಿ, ಹಳೆಯ ಪುಟ ತೆರೆದು, ಅಕ್ಷರ ದೊಡ್ಡದು ಮಾಡಿದೆ.

‘ಕೂತ್ಕೊಳಿ ಮಾವ. ಎಲ್ಲಿಗೆ ನಿಲ್ಲಿಸಿದ್ವಿ?’

ಅವರು ಚೀಲ ಕೆಳಗಿಟ್ಟು ಕೂತು, ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡರು.

‘ನೂರಹನ್ನೆರಡನೇ ಪುಟ. ಹೊಸ ಪ್ಯಾರಾ.’