ತೋಳಿನ ಬಿಲ್ಲೆಗೂ ಆಯುಧಪೂಜೆ

ವೆಂಕಟರಮಣಪ್ಪನ ಎಡದೋಳಿಗೆ ಡಾಕ್ಟರಮ್ಮ ಬಿಳಿ ಬಿಲ್ಲೆಯೊಂದನ್ನು ಅಂಟಿಸಿ ಇವತ್ತಿಗೆ ಹದಿನಾಲ್ಕು ದಿನ. ಹತ್ತು ರೂಪಾಯಿ ನಾಣ್ಯದಷ್ಟಿದ್ದ ಆ ಬಿಲ್ಲೆ ಮೈಯೊಳಗಿನ ಸಕ್ಕರೆಯನ್ನು ಹಗಲು ರಾತ್ರಿ ಅಳೆದು ಅಂಕಿಯನ್ನು ಅವನ ಫೋನಿಗೆ ಕಳಿಸುತ್ತಿತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಅಂಕಿ ಅವನ ಹೆಂಡತಿ ಪಿಳ್ಳಮ್ಮನ ಫೋನಿಗೂ ಹೋಗುವ ಹಾಗೆ ಮಗಳು ಮಾಡಿಕೊಟ್ಟಿದ್ದಳು. ಗಂಡ ಹೊರಗೆ ಏನು ತಿಂದು ಬಂದ ಎಂದು ಮೂವತ್ತು ವರ್ಷ ಬರೀ ವಾಸನೆಯಲ್ಲೇ ಪತ್ತೆಹಚ್ಚಿದ ಹೆಂಗಸಿನ ಕೈಗೆ ಇಂಥದ್ದೊಂದು ಸಿಕ್ಕರೆ ಕೇಳಬೇಕೆ!

ಡಾಕ್ಟರಮ್ಮ ಅಂಟಿಸುವಾಗಲೇ ಖಡಾಖಂಡಿತ ಹೇಳಿದ್ದರು. "ಇನ್ಮೇಲೆ ಲೋ ಕಾರ್ಬ್ ಊಟ. ಅನ್ನ, ಮುದ್ದೆ, ಚಪಾತಿ, ಆಲೂಗಡ್ಡೆ ಎಲ್ಲಾ ಬಂದ್. ಮೊಟ್ಟೆ, ಸೊಪ್ಪು, ತರಕಾರಿ ತಿನ್ನಿ. ಹದಿನಾಲ್ಕು ದಿನದ ಸರಾಸರಿ ಇಳಿದ್ರೆ ಸರಿ. ಇಲ್ಲಾಂದ್ರೆ ದಿನಾ ಇನ್ಸುಲಿನ್ ಇಂಜೆಕ್ಷನ್."

ಲೋ ಕಾರ್ಬ್ ಎಂದರೆ ಖಾರ ಕಮ್ಮಿ ಎಂದು ತಿಳಿದ ಪಿಳ್ಳಮ್ಮ ಮುದ್ದೆಯ ಜೊತೆಗೆ ಮೆಣಸಿನಕಾಯಿಯನ್ನೂ ನಿಲ್ಲಿಸಿದ್ದಳು. ಎರಡು ದಿನ ಆ ಸಪ್ಪೆ ಸಾರು ಕುಡಿದು ವೆಂಕಟರಮಣಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಆದರೂ ತಡೆದುಕೊಂಡ. ಪೀಣ್ಯದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಲೇತ್ ಓಡಿಸಿದ ಆಸಾಮಿ ಅವನು. ಕಾದ ಕಬ್ಬಿಣದ ಚೂರು ಕೈಗೆ ಸಿಡಿದರೆ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾನೆ. ಸೂಜಿ ಕಂಡರೆ ಮಾತ್ರ ಕಾಲು ನಡುಗುತ್ತದೆ. ಈ ಬಿಲ್ಲೆ ಅಂಟಿಸುವಾಗ ಚುರ್ ಅಂದದ್ದಕ್ಕೇ ಡಾಕ್ಟರಮ್ಮನ ಮೇಜಿನ ಮೇಲೆ ತಲೆಯಿಟ್ಟುಬಿಟ್ಟಿದ್ದ. ಇನ್ನು ದಿನಾ ಇಂಜೆಕ್ಷನ್ ಅಂದರೆ!

ಸರಾಸರಿ ಚೆನ್ನಾಗಿಯೇ ಇಳಿದಿತ್ತು. ಇದೊಂದು ದಿನ ಕಳೆದು ಸಾಯಂಕಾಲ ಡಾಕ್ಟರಮ್ಮನಿಗೆ ತೋರಿಸಿಬಿಟ್ಟರೆ ಗೆದ್ದ ಹಾಗೆ. ಆದರೆ ಆ ಒಂದು ದಿನ ಎಂಥದ್ದು ಅಂತೀರಿ? ಹಬ್ಬಕ್ಕೆ ರಜೆಯಿದ್ದುದರಿಂದ ಫ್ಯಾಕ್ಟರಿಯಲ್ಲಿ ಹಿಂದಿನ ದಿನವೇ ಆಯುಧಪೂಜೆ. ಅಕ್ಕಪಕ್ಕದ ಶೆಡ್ಡುಗಳಿಂದ ಸ್ವೀಟ್ ಬಾಕ್ಸು ಬರುವುದು, ಇಲ್ಲಿಂದ ಅಲ್ಲಿಗೆ ಹೋಗುವುದು ಬೆಳಗಿನಿಂದ ನಡೆದೇ ಇತ್ತು. ವೆಂಕಟರಮಣಪ್ಪ ಕೊಟ್ಟದ್ದನ್ನೆಲ್ಲ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ದಾಟಿಸಿದ. ತುಪ್ಪದ ಲಾಡು ಕೈಬಿಟ್ಟು ಹೋದಾಗ ಬಹಳ ಸಂಕಟವಾಯಿತು, ಪಾಪ.

ವಾಚ್‌ಮನ್ ಮುನಿಯಣ್ಣ ಅಲ್ಲೇ ಹತ್ತಿರದ ಊರಿನವನು. ಆಯುಧಪೂಜೆಯ ದಿನ ಅವನೇ ಪೂಜಾರಿ, ಯಾರೂ ನೇಮಿಸಿದ್ದಲ್ಲ. ಲೇತು, ಡ್ರಿಲ್ಲು, ಕಂಪ್ರೆಸರು, ಓನರ್ ಕಾರು ಎಲ್ಲ ಮುಗಿಸಿ ತಟ್ಟೆ ಹಿಡಿದು ಬರುತ್ತಿದ್ದವನು ವೆಂಕಟರಮಣಪ್ಪನ ಎದುರು ನಿಂತ.

"ಅದೇನ್ಲಾ ಎಂಕಟರಮಣಾ, ತೋಳ್ನಾಗೆ?"

"ಶುಗರ್ ನೋಡೋ ಮೆಷಿನ್ನು ಮುನಿಯಣ್ಣ."

"ಮೆಷಿನ್ನಾ? ಮತ್ತೆ ಏಳ್ಬಾರ್ದಾ! ಕಾಪಿ ಮೆಷಿನ್ಗೇ ಕುಂಕುಮ ಇಟ್ಟಿವ್ನಿ. ನಿನ್ ಪ್ರಾಣ ಕಾಯೋ ಮೆಷಿನ್ನ ಅಂಗೇ ಬಿಟ್ರೆ ತಾಯಿ ಒಪ್ತಾಳಾ? ಕೊಡು ತೋಳ ಇತ್ಲಾಗೆ!"

"ಬ್ಯಾಡ ಮುನಿಯಣ್ಣ, ಅದು ನಾಜೂಕು."

"ನಾಜೂಕಾಗೇ ಮಾಡ್ತೀನಿ, ಸುಮ್ಕಿರು."

ಬಿಲ್ಲೆಗೆ ವಿಭೂತಿ ಬಿತ್ತು, ಕುಂಕುಮ ಬಿತ್ತು. ಚೆಂಡುಹೂವಿನ ಹಾರವನ್ನು ಬಿಲ್ಲೆಯ ಮೇಲೆ ಮೂರು ಸುತ್ತು ಸುತ್ತಿ, ಜಾರಬಾರದೆಂದು ಹಲ್ಲು ಕಚ್ಚಿ ಗಂಟು ಹಾಕಿದ್ದಾಯಿತು. ಮಂಗಳಾರತಿ ಎತ್ತಿದಾಗ ಶೆಡ್ಡಿನವರೆಲ್ಲ ಆ ತೋಳಿಗೆ ಕೈಮುಗಿದರು. ಜೀವಮಾನದಲ್ಲಿ ಮೊದಲ ಸಲ ಇಷ್ಟು ಜನ ತನ್ನ ಕಡೆ ತಿರುಗಿ ಕೈಮುಗಿದರಲ್ಲ ಎಂದು ವೆಂಕಟರಮಣಪ್ಪನಿಗೆ ಒಳಗೊಳಗೇ ಖುಷಿಯೂ ಆಯಿತು.

ಹತ್ತು ನಿಮಿಷ ಕಳೆದಿರಲಿಲ್ಲ, ಜೇಬಿನಲ್ಲಿ ಫೋನು ಅರಚಿತು. ಕೆಂಪು ಅಕ್ಷರದಲ್ಲಿ ನಲವತ್ತೆಂಟು. ಹಿಂದೆಯೇ ಪಿಳ್ಳಮ್ಮನ ಕರೆ.

"ರೀ! ನಲವತ್ತೆಂಟಕ್ಕೆ ಬಿದ್ದೋಗೈತೆ! ಹೆಂಗಿದೀರಾ?"

"ನಂಗೇನೂ ಆಗಿಲ್ಲ ಕಣೇ, ಚೆನ್ನಾಗೇ ಇದೀನಿ."

ಡಾಕ್ಟರಮ್ಮ ಹೇಳಿದ್ದು ಪಿಳ್ಳಮ್ಮನಿಗೆ ನೆನಪಿತ್ತು: ಶುಗರ್ ಬಿದ್ದಾಗ ಕೆಲವರಿಗೆ ಅದು ತಿಳಿಯುವುದಿಲ್ಲ, ಏನೂ ಆಗಿಲ್ಲ ಅಂತಾರೆ, ರೇಗ್ತಾರೆ, ತಕ್ಷಣ ಸಿಹಿ ಕೊಡಬೇಕು.

"ಏನೂ ಆಗಿಲ್ಲ ಅಂತಿದೀರಲ್ರೀ, ಅಯ್ಯೋ ನನ್ ದೇವ್ರೇ!"

"ಏನೂ ಆಗಿಲ್ಲ ಅಂದ್ರೆ ಆಗಿಲ್ಲ! ಇಡೇ ಫೋನು!"

ರೇಗಿಯೂ ಆಯಿತು. ಪಿಳ್ಳಮ್ಮ ಸೂಪರ್‌ವೈಸರ್ ಗುರುರಾಜ್‌ಗೆ ಫೋನ್ ಮಾಡಿದಳು. "ಸಾರ್, ನಿಮ್ ಕಾಲಿಗೆ ಬೀಳ್ತೀನಿ, ನಮ್ಮನೆಯವ್ರಿಗೆ ಏನಾದ್ರೂ ಸಿಹಿ ತಿನ್ನಿಸಿ. ಬ್ಯಾಡ ಅಂದ್ರೂ ಬಿಡ್ಬೇಡಿ!"

ಸಿಹಿಗೆ ಅಲ್ಲಿ ಬರವೇ? ಇಬ್ಬರು ಭುಜ ಹಿಡಿದರು, ಒಬ್ಬ ಕಾಲು ಹಿಡಿದ, ಮುನಿಯಣ್ಣ ಲಾಡು ಹಿಡಿದ. "ಬಿಡ್ರೋ, ಸೂಜಿ ಹಾಕ್ತಾರೆ ಕಣ್ರೋ!" ಎಂದು ವೆಂಕಟರಮಣಪ್ಪ ಕೂಗಲು ಬಾಯಿ ತೆರೆದಾಗಲೇ ಮೊದಲನೆಯದು ಒಳಗೆ ಹೋಯಿತು. ಎರಡನೆಯದಕ್ಕೆ ಮೂಗು ಹಿಡಿಯಬೇಕಾಯಿತು. ಮೂರನೆಯದಕ್ಕೆ, ಸುಳ್ಳು ಯಾಕೆ ಹೇಳಬೇಕು, ಬಾಯಿ ತಾನಾಗಿಯೇ ತೆರೆದುಕೊಂಡಿತು.

ಅಷ್ಟರಲ್ಲಿ ಪಿಳ್ಳಮ್ಮ ಆಟೋದಿಂದ ಇಳಿದು ಅಳುತ್ತಲೇ ಓಡಿಬಂದಳು. ಗಂಡ ಬೆವರಿದ್ದು ಕಂಡು ಮೊದಲು ಆ ಹಾರ ಕಿತ್ತೆಸೆದಳು. "ನಿಮ್ಗೇನಾದ್ರೂ ಆದ್ರೆ ನಂಗ್ಯಾರಿದಾರ್ರೀ" ಎಂದು ತಲೆ ನೇವರಿಸಿದಳು. ಅವನಿಗೂ ಗಂಟಲು ಕಟ್ಟಿತು. ಅರ್ಧ ಪ್ರೀತಿಗೆ, ಅರ್ಧ ಲಾಡಿಗೆ. ನೋಡನೋಡುತ್ತ ಅಂಕಿ ಏರತೊಡಗಿತು. ನೂರಿಪ್ಪತ್ತು, ನೂರೆಂಬತ್ತು, ಇನ್ನೂರ ತೊಂಬತ್ತು.

ಗುರುರಾಜ್ ಹಣೆ ಚಚ್ಚಿಕೊಂಡ. "ಅಯ್ಯೋ, ಹಾರ ಬಿಗಿಯಾಗಿ ಒತ್ತಿದ್ದಕ್ಕೇ ಕಮ್ಮಿ ತೋರ್ಸಿದೆ! ಗೇಜ್ ಒತ್ತಿ ಹಿಡಿದ್ರೆ ರೀಡಿಂಗ್ ತಪ್ಪು ಬರಲ್ವಾ, ಹಂಗೇ."

ಮುನಿಯಣ್ಣನ ಮುಖ ಬಾಡಿಹೋಯಿತು. ಸಾಯಂಕಾಲ ಕ್ಲಿನಿಕ್ಕಿಗೆ ತಾನೂ ಬರುತ್ತೇನೆಂದು ಹಟ ಹಿಡಿದು ಹೊರಟ.

ಡಾಕ್ಟರಮ್ಮ ಹದಿನಾಲ್ಕು ದಿನದ ದಾಖಲೆ ನೋಡಿ ನಕ್ಕರು. "ಭೇಷ್! ಸರಾಸರಿ ತುಂಬಾ ಚೆನ್ನಾಗಿದೆ. ಇಂಜೆಕ್ಷನ್ ಬೇಡ." ವೆಂಕಟರಮಣಪ್ಪ ಕುರ್ಚಿಯಲ್ಲೇ ನೆಟ್ಟಗಾದ. "ಆದ್ರೆ ಇವತ್ತು ಹನ್ನೊಂದೂವರೆಗೆ ನಲವತ್ತೆಂಟಕ್ಕೆ ಬಿದ್ದಿದೆ, ಅದು ಅಪಾಯ. ಸಿಹಿ ತಿಂದು ಏರಿಸ್ಕೊಂಡಿದ್ದು ಒಳ್ಳೇದಾಯ್ತು. ಪಥ್ಯ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ. ಮಧ್ಯಾಹ್ನ ಒಂದು ಸಣ್ಣ ಮುದ್ದೆ ಶುರು ಮಾಡಿ."

ಮುದ್ದೆ! ವೆಂಕಟರಮಣಪ್ಪ ಹೆಂಡತಿಯನ್ನು ನೋಡಿದ. ಹಾರದ ವಿಷಯ ಬಾಯಿಬಿಡಬೇಡ ಎಂದು ಆ ನೋಟದಲ್ಲೇ ಬೇಡಿಕೊಂಡ. ಪಿಳ್ಳಮ್ಮನಿಗೂ ಕರುಳು ಚುರ್ ಅಂದಿರಬೇಕು, ನೆಲ ನೋಡುತ್ತ ಸುಮ್ಮನಿದ್ದಳು. ಆದರೆ ಬಾಗಿಲಲ್ಲಿ ನಿಂತಿದ್ದ ಮುನಿಯಣ್ಣನಿಗೆ ತಡೆಯಲಾಗಲಿಲ್ಲ.

"ತಪ್ಪು ನಂದೇ ತಾಯಿ! ಊವಿನ ಆರ ಬಿಗಿಯಾಗ್ ಕಟ್ಬುಟ್ಟೆ, ಅದ್ಕೇ ಕಮ್ಮಿ ತೋರ್ಸ್ತು. ಅವನ ಪಥ್ಯದಾಗೆ ಏನೂ ಐಬಿಲ್ಲ!"

"ಹೌದಾ? ಒತ್ತಿದ್ರೆ ಕಮ್ಮಿ ತೋರ್ಸೋದು ನಿಜ." ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ದಾಖಲೆಯನ್ನು ಮತ್ತೆ ಮೊದಲಿನಿಂದ ನೋಡಿದರು. ಹಗಲಿನ ಅಂಕಿಗಳು ಅಷ್ಟಕ್ಕಷ್ಟೆ. ರಾತ್ರಿ ಹತ್ತರಿಂದ ಬೆಳಗಿನವರೆಗೆ ಮಾತ್ರ ದಿನವೂ, ಫೋನು ಅರಚುವಷ್ಟಲ್ಲದಿದ್ದರೂ, ಚೆನ್ನಾಗಿ ಕೆಳಗಿಳಿದಿದ್ದವು. "ಯಾವ ಮಗ್ಗುಲಿಗೆ ಮಲಗ್ತೀರಿ?"

ವೆಂಕಟರಮಣಪ್ಪ ಎಡದೋಳಿನ ಬಿಲ್ಲೆಯನ್ನು ಮೆಲ್ಲಗೆ ಬಲಗೈಯಿಂದ ಮುಚ್ಚಿಕೊಂಡ.

"ಎಡ ಮಗ್ಗುಲಿಗೇ ಮೇಡಂ," ಎಂದಳು ಪಿಳ್ಳಮ್ಮ. "ಮದ್ವೆ ಆದಾಗಿಂದ್ಲೂ. ಒಂದ್ಸಲ ಮಲಗಿದ್ರೆ ಬೆಳಗಾಗೋವರ್ಗೂ ಆ ತೋಳು ಬಿಟ್ಟು ಅಲ್ಲಾಡಲ್ಲ."

"ಹಾಗಾದ್ರೆ ಈ ಸರಾಸರಿ ನಂಬೋ ಹಾಗಿಲ್ಲ. ಬಲತೋಳಿಗೆ ಹೊಸದು ಹಾಕ್ತೀನಿ. ಇನ್ನೂ ಹದಿನಾಲ್ಕು ದಿನ ಇದೇ ಪಥ್ಯ. ಆಮೇಲೆ ಇಂಜೆಕ್ಷನ್ನೋ ಮುದ್ದೆಯೋ ನೋಡೋಣ."

ಬಲತೋಳು ಚುರ್ ಅಂದಿತು. ವೆಂಕಟರಮಣಪ್ಪ ಮತ್ತೊಮ್ಮೆ ಮೇಜಿನ ಮೇಲೆ ತಲೆಯಿಟ್ಟ.

ಅವನಿಗೆ ಎಚ್ಚರವಾಗಿ, ನೀರು ಕುಡಿಸಿ, ಮೂವರೂ ಮನೆಗೆ ಹೊರಟು ನಾಗಸಂದ್ರದ ಮೆಟ್ರೋ ಮೆಟ್ಟಿಲಿಳಿಯುವ ಹೊತ್ತಿಗೆ ಹೊಸ ಬಿಲ್ಲೆ ತನ್ನ ಮೊದಲ ಅಂಕಿಯನ್ನು ಪಿಳ್ಳಮ್ಮನ ಫೋನಿಗೆ ಕಳಿಸಿತು. ಇನ್ನೂರ ಎಪ್ಪತ್ತಾರು. ಅವಳು ಅಲ್ಲೇ ನಿಂತು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಜ ಹೇಳಿ, ಎಷ್ಟು ಲಾಡು ತಿಂದ್ರಿ?"

"ನೀನೇ ಅಲ್ವೇನೇ ತಿನ್ನಿಸಿ ಅಂತ ಫೋನ್ ಮಾಡಿದ್ದು!"

"ತಿನ್ನಿಸಿ ಅಂತ ಅವ್ರಿಗೆ ಹೇಳ್ದೆ ಕಣ್ರೀ," ಎಂದಳು ಪಿಳ್ಳಮ್ಮ. "ನುಂಗಿ ಅಂತ ನಿಮಗೆ ಹೇಳಿದ್ನಾ?"