ಗ್ಯಾಲ್‌ಬ್ರೇತ್ ಗೋತ್ರ

ಆ ಸಂಜೆ ಲೋಟಗಳನ್ನು ತೊಳೆದಿಟ್ಟವನು ಶೇಷಗಿರಿ ಅಲ್ಲ. ಈ ಒಂದು ವಿಷಯದಲ್ಲಿ ಅವನ ಮೇಲೆ ಯಾರಿಗೂ ಎಳ್ಳಷ್ಟೂ ಅನುಮಾನ ಬರಲಿಲ್ಲ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ತೊಳೆದವಳು ಪದ್ಮಾ ಕೂಡ ಅಲ್ಲ. ಬೆಳಿಗ್ಗೆ ಕಾಫಿ ಕುಡಿದು ಗಂಡ ಹೆಂಡತಿ ಒಟ್ಟಿಗೇ ಬಾಗಿಲು ಹಾಕಿಕೊಂಡು ಹೊರಟಿದ್ದರು. ಅವನು ಎವರೆಟ್ ಊರಿನ ವಿಮಾನ ಕಾರ್ಖಾನೆಗೆ, ಅವಳು ತನ್ನ ಆಫೀಸಿಗೆ. ಸಂಜೆ ಬಂದು ನೋಡಿದರೆ, ಸಿಂಕಿನಲ್ಲಿ ಬಿಟ್ಟುಹೋಗಿದ್ದ ಎರಡು ಸ್ಟೀಲ್ ಲೋಟಗಳು ನೀಲಿ ಒರೆಸುಬಟ್ಟೆಯ ಮೇಲೆ ಅಂಚಿಗೆ ಅಂಚು ತಾಗಿಸಿಕೊಂಡು ಬೋರಲು ಮಲಗಿದ್ದವು. ಇನ್ನೂ ಒದ್ದೆಯಾಗಿದ್ದವು. ಅಡುಗೆಮನೆಯಲ್ಲಿ ಸಕ್ಕರೆ ಸುಟ್ಟಂಥ ಒಂದು ತೆಳು ವಾಸನೆ ಇತ್ತು.

"ನೀವು ತೊಳೆದ್ರಾ?" ಎಂದಳು ಪದ್ಮಾ.

"ನಾನ್ಯಾಕೆ ತೊಳೀಲಿ?" ಎಂದ ಶೇಷಗಿರಿ, ತುಂಬ ಪ್ರಾಮಾಣಿಕವಾಗಿ.

"ಅದೂ ನಿಜ. ನೀವು ತೊಳೆದಿದ್ರೆ ಇಷ್ಟು ಹೊತ್ತಿಗೆ ಈಸ್ಟ್‌ಗೇಟ್ ಬಡಾವಣೆಗೆಲ್ಲಾ ಗೊತ್ತಾಗಿರೋದು."

ಪದ್ಮಾ ಒಂದು ಲೋಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೇಲೆ ಅವಳ ಅಮ್ಮನ ಹೆಸರು ಕೆತ್ತಿಸಿತ್ತು. ಉಜ್ಜಿ ಉಜ್ಜಿ ಎಂದೋ ಮಾಸಿಹೋಗಿದ್ದ ಆ ಚುಕ್ಕಿ ಅಕ್ಷರಗಳು ಈಗ ನಿನ್ನೆ ಕೆತ್ತಿದ ಹಾಗೆ ಹೊಳೆಯುತ್ತಿದ್ದವು: ರುಕ್ಮಿಣಿ. ಪದ್ಮಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ದೂರದ ಹೈವೇಯ ಸದ್ದು ಮಾತ್ರ, ಯಾರೋ ನಿದ್ದೆಯಲ್ಲಿ ಉಸಿರಾಡಿದ ಹಾಗೆ, ಏರುತ್ತ ಇಳಿಯುತ್ತ ಇತ್ತು.

ಅವರು ಆ ಮನೆ ಕೊಂಡು ಒಂದು ಬೇಸಿಗೆಯಷ್ಟೇ ಕಳೆದಿತ್ತು. ಅಮೆರಿಕದ ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲೇ ಅರ್ಧ ಆಯುಷ್ಯ ಸವೆಸಿದ ಶೇಷಗಿರಿಗೆ ಹಿಂದೆ ಮರದ ಹಲಗೆಯ ಡೆಕ್, ಹಿತ್ತಿಲಲ್ಲಿ ಸೀಡರ್ ಮರಗಳಿದ್ದ ಈ ಹಳೆಯ ಮನೆ ಅಂದರೆ ಪ್ರಾಣ. (ಹೆಂಡತಿಯೂ ಪ್ರಾಣವೇ. ಆದರೆ ಹೆಂಡತಿಗೆ ಡೆಕ್ ಇಲ್ಲ.) ಮನೆ ಮಾರಿದವನು ಗ್ಯಾಲ್‌ಬ್ರೇತ್ ಎಂಬ ಹೆಸರಿನ, ಹೆಚ್ಚು ಮಾತಾಡದ ಒಬ್ಬ ಮನುಷ್ಯ. ತಾಯಿಯ ಮನೆ ಎಂದಿದ್ದ, ಅಷ್ಟೇ. ಪಿಂಗಾಣಿ ಬಟ್ಟಲುಗಳು, ಒರೆಸುಬಟ್ಟೆಗಳು, ಬೆಂಕಿಗೂಡಿನ ಮೇಲಿನ ವಂಶಲಾಂಛನದ ಪಟ, ಎಲ್ಲ ಹಾಗೇ ಬಿಟ್ಟುಹೋಗಿದ್ದ. ತರಕಾರಿ ಬೀಜದ ಕ್ಯಾಟಲಾಗುಗಳು ಈಗಲೂ ಮಿಸೆಸ್ ಇಂಗ್ರಿಡ್ ಗ್ಯಾಲ್‌ಬ್ರೇತ್ ಹೆಸರಿಗೆ ಬರುತ್ತಿದ್ದವು. ಆಕೆ ಏನಾದರು ಎಂದು ಇವರು ಕೇಳಿರಲಿಲ್ಲ. ಕೇಳುವುದೇನಿದೆ? ಹೆತ್ತ ತಾಯಿ ಬದುಕಿರುವಾಗ ಅವಳ ಅಡುಗೆಮನೆಯನ್ನು, ಬಟ್ಟಲುಗಳ ಸಮೇತ, ಯಾವ ಮಗನಾದರೂ ಮಾರುತ್ತಾನೆಯೇ?

ಮರುದಿನ ಮತ್ತೆ ಲೋಟಗಳು ತೊಳೆದಿದ್ದವು. ಅದರ ಮರುದಿನ ಒಗ್ಗರಣೆ ಸೌಟು ಕೂಡ.

ಕಾರ್ಖಾನೆಯಲ್ಲಿ ಶೇಷಗಿರಿಯ ಕೆಲಸವೇ ವಿಮಾನದೊಳಗೆ ಎಲ್ಲಿಂದಲೋ ಬರುವ ಕಿರುಗುಟ್ಟುವ ಸದ್ದುಗಳ ಮೂಲ ಹುಡುಕುವುದು. ಅಂಥವನು ಸ್ವಂತ ಮನೆಯ ಸೌಟಿಗೆ ಸೋಲುವುದುಂಟೇ? ಅಡುಗೆಮನೆಯ ಮೂಲೆಯಲ್ಲಿ ಒಂದು ಸಣ್ಣ ಕ್ಯಾಮೆರಾ ಇಟ್ಟು ಕೆಲಸಕ್ಕೆ ಹೋದ. ಸಂಜೆ ಬಂದು ನೋಡಿದರೆ ಲೋಟಗಳ ಪಕ್ಕದಲ್ಲಿ, ನೀಲಿ ಬಟ್ಟೆಯ ಮೇಲೆ, ಕ್ಯಾಮೆರಾ. ಅದನ್ನೂ ತೊಳೆದು ಬೋರಲು ಹಾಕಿತ್ತು.

"ಇಂಗ್ರಿಡಮ್ಮನೇ," ಎಂದ ಶೇಷಗಿರಿ. "ಲೋಟ ತೊಳೆಯೋ ದೆವ್ವ ಅಂದ್ಮೇಲೆ ಹೆಂಗಸೇ ಆಗಿರಬೇಕು. ಪಾಪ, ಅಭ್ಯಾಸಬಲ."

"ಅಭ್ಯಾಸ ಅಲ್ಲ, ಅಹಂಕಾರ!" ಪದ್ಮಾಗೆ ಹೆದರಿಕೆಗಿಂತ ಹೆಚ್ಚಾಗಿ ಅವಮಾನವಾಗಿತ್ತು. "ನಾನು ತೊಳೆದದ್ದು ಸಾಲದು ಅಂತ ತೋರಿಸ್ತಿದಾಳೆ. ನೋಡಿ, ಇನ್ನೊಬ್ಬಳು ಇರೋ ಅಡುಗೆಮನೇಲಿ ನಾನು ಒಲೆ ಹಚ್ಚಲ್ಲ. ನವರಾತ್ರಿಗೆ ಬೊಂಬೆ ಕೂರಿಸೋ ಹೊತ್ತಿಗೆ ಅವಳು ಹೋಗಿರಬೇಕು. ಇಲ್ಲಾಂದ್ರೆ ಮನೆ ಮಾರಿ. ಸಮಾಮಿಶ್‌ನಲ್ಲಿ ಅದೇ ಹಳೇ ಬಾಡಿಗೆ ಮನೆಗೆ ಹೋಗೋಣ."

"ನವರಾತ್ರಿಗೆ ಇನ್ನೇನು ಎರಡು ವಾರ ಕಣೇ!"

"ಹಾಗಾದ್ರೆ ಬೇಗ ಏನಾದ್ರೂ ಮಾಡಿ."

ಶೇಷಗಿರಿ ಮೈಸೂರಿನ ಪುರೋಹಿತರಾದ ದ್ವಾರಕಾನಾಥ ಶಾಸ್ತ್ರಿಗಳಿಗೆ ಫೋನ್ ಮಾಡಿದ. ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ. "ಪಕ್ಷಮಾಸ ನಡೀತಾ ಇದೆಯಲ್ಲ. ಮಹಾಲಯ ಅಮಾವಾಸ್ಯೆ ದಿನ ಹೇಗೂ ನಿಮ್ಮ ತಂದೆಯವರಿಗೆ ತರ್ಪಣ ಕೊಡ್ತೀರಿ. ಕೊನೇಲಿ ಬಂಧುಗಳಿಗೆ, ಸ್ನೇಹಿತರಿಗೆ, ಉಪಕಾರ ಮಾಡಿದೋರಿಗೆ ಕೊಡೋದುಂಟು. ಆ ತಾಯಿ ಹೆಸರನ್ನೂ ಸೇರಿಸಿ, ಎಳ್ಳುನೀರು ಬಿಡಿ. ತೃಪ್ತಿಯಾಗಿ ಹೋಗ್ತಾರೆ. ಗೋತ್ರ ಯಾವುದು?"

"ಸ್ಕಾಟ್ಲೆಂಡ್ ಕಡೆಯವರು."

"ಗೊತ್ತಿಲ್ಲದಿದ್ರೆ ಕಾಶ್ಯಪ ಗೋತ್ರ ಅಂದ್ಬಿಡಿ. ಅದಕ್ಕೆ ಶಾಸ್ತ್ರ ಇದೆ."

ಆದರೆ ಶೇಷಗಿರಿಯ ಮನಸ್ಸು ಒಪ್ಪಲಿಲ್ಲ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಒಂದು ಬೋಲ್ಟನ್ನೂ ಅವನ ಕಾರ್ಖಾನೆಯಲ್ಲಿ ವಿಮಾನಕ್ಕೆ ಹಾಕುವುದಿಲ್ಲ. ಅಂದಾಜಿನ ಗೋತ್ರ ಹಾಕಿ ಒಂದು ಜೀವವನ್ನು ಪರಲೋಕಕ್ಕೆ ಹಾರಿಸುವುದೇ? ನಡುದಾರಿಯಲ್ಲಿ ಕಳಚಿ ಮತ್ತೆ ಇದೇ ಅಡುಗೆಮನೆಗೆ ಬಿದ್ದರೆ? ಹೀಗಾಗಿ ಅವನ ಸಂಶೋಧನಾ ಮಹಾಯಾಗ ಶುರುವಾಯಿತು.

ಊಟದ ಮೇಜಿನ ಮೇಲೆ ನಕ್ಷೆ ಹರಡಿ ಅವನು ಹೆಂಡತಿಗೆ ಉಪನ್ಯಾಸ ಕೊಟ್ಟ. ಹೊರಗೆ ಮಂಜು ಇಳಿದು ಸೀಡರ್ ಮರಗಳು ಒಂದೊಂದಾಗಿ ಅಳಿಸಿಹೋಗುತ್ತಿದ್ದವು.

"ಗ್ಯಾಲ್ ಅಂದ್ರೆ ಅಲ್ಲಿನ ಗೇಲಿಕ್ ಭಾಷೇಲಿ ಪರದೇಶಿ. ಉಳಿದರ್ಧ ಬ್ರಿಟನ್ ಜನ. ಒಟ್ಟು ಪರದೇಶಿ ಬ್ರಿಟನ್ನರು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಕ್ಲೈಡ್ ಅನ್ನೋ ನದಿ ಸುತ್ತ, ಈ ಬ್ರಿಟನ್ನರು ಮೊದಲಿಂದ ಇದ್ದರು. ಗೇಲಿಕ್ ಮಾತಾಡೋ ಜನ ಆಮೇಲೆ ಬಂದು ಇವರಿಗೆ ಈ ಹೆಸರಿಟ್ಟರು."

"ಮೊದಲಿಂದ ಇದ್ದವರನ್ನ ಆಮೇಲೆ ಬಂದೋರು ಪರದೇಶಿ ಅಂದ್ರಾ?"

"ಹೂಂ."

ಪದ್ಮಾ ಅಡುಗೆಮನೆಯ ಕತ್ತಲೆಯ ಕಡೆ ನೋಡಿದಳು. "ಈ ಮನೇಲಿ ನಾವೂ ಅದನ್ನೇ ಅಲ್ವೇನ್ರೀ ಮಾಡ್ತಿರೋದು?"

ಒಳಗೆ ನಲ್ಲಿಯಿಂದ ಒಂದು ಹನಿ ಬಿತ್ತು. ಶೇಷಗಿರಿ ಎದ್ದು ಅಡುಗೆಮನೆಯ ದೀಪ ಹಾಕಿ ಬಂದು, ದನಿ ಸ್ವಲ್ಪ ಏರಿಸಿ ಮುಂದುವರಿಸಿದ. "ಕೋಟೆ ಇತ್ತಂತೆ ಅವರಿಗೆ. ಅದು ಕೈತಪ್ಪಿತು. ಆಮೇಲೆ ಚದುರಿದರು. ಐರ್ಲೆಂಡಿನ ಉತ್ತರಕ್ಕೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ. ಇವತ್ತು ಅಮೆರಿಕದಲ್ಲಿರೋಷ್ಟು ಗ್ಯಾಲ್‌ಬ್ರೇತ್‌ಗಳು ಸ್ಕಾಟ್ಲೆಂಡಿನಲ್ಲೇ ಇಲ್ಲ."

"ಚೆನ್ನಾಯ್ತು. ಅಷ್ಟೊಂದು ಜನ ನೆಂಟರಿದ್ದೂ ನಮ್ಮನೇಲೇ ಲೋಟ ತೊಳೀಬೇಕಾ ಈಯಮ್ಮ?"

ಶೇಷಗಿರಿ ಬೆಂಕಿಗೂಡಿನ ಮೇಲಿನ ಪಟ ತೋರಿಸಿದ. ಅದರಲ್ಲಿ ಮೂರು ಕರಡಿಯ ತಲೆಗಳಿದ್ದವು. ಮೂರರ ಬಾಯಿಗೂ, ಒಕ್ಕುವ ಎತ್ತಿಗೆ ಕಟ್ಟುವಂತೆ, ಕುಕ್ಕೆ ಕಟ್ಟಿತ್ತು. "ಅದು ವಂಶದ ಲಾಂಛನ. ನಮ್ಮ ಗೋತ್ರಕ್ಕೆ ಮೂರು ಋಷಿಗಳಿಲ್ಲವೇ, ಇವರಿಗೆ ಮೂರು ಕರಡಿ. ಪ್ರವರವೂ ಸಿಕ್ಕಿತು!"

ಕರಡಿಗಳು ಏನನ್ನೋ ಹೇಳಬೇಕೆಂದಿದ್ದು, ಬಾಯಿ ಕಟ್ಟಿಹಾಕಿದ್ದರಿಂದ ಸುಮ್ಮನಿದ್ದಂತೆ, ಅವನನ್ನೇ ನೋಡುತ್ತಿದ್ದವು.

ಮಹಾಲಯ ಅಮಾವಾಸ್ಯೆ ಆ ಸಲ ಭಾನುವಾರವೇ ಬಂತು. ಪದ್ಮಾ ಮಡಿಯುಟ್ಟು ವಡೆ, ಪಾಯಸ, ಹಾಗಲಕಾಯಿ ಗೊಜ್ಜು ಮಾಡಿದಳು. (ಗೊಜ್ಜು ಇಂಗ್ರಿಡಮ್ಮನಿಗೆ ಹಿಡಿಸಲಿಕ್ಕಿಲ್ಲ ಎಂದು ಶೇಷಗಿರಿ ಅಂದ. ಹಿಡಿಸದಿದ್ದರೆ ಇನ್ನೂ ಒಳ್ಳೆಯದು, ಬೇಗ ಹೊರಡುತ್ತಾಳೆ ಎಂದಳು ಪದ್ಮಾ.) ಮಧ್ಯಾಹ್ನವಾದರೂ ಮಂಜು ಬಿಟ್ಟಿರಲಿಲ್ಲ. ಶೇಷಗಿರಿ ಪಂಚೆಯುಟ್ಟು, ಬರಿಮೈಯಲ್ಲಿ ನಡುಗುತ್ತ, ಡೆಕ್ಕಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕೂತ. ಜನಿವಾರ ಎಡಕ್ಕಾಯಿತು, ಬೆರಳಿಗೆ ದರ್ಭೆಯ ಪವಿತ್ರ ಬಂತು. ತಂದೆ, ತಾತ, ಮುತ್ತಾತ ಎಲ್ಲರಿಗೂ ಕೊಟ್ಟು ಮುಗಿಸಿ, ಕೊನೆಗೆ ಹೊಸದಾಗಿ ಎಳ್ಳು ತೆಗೆದುಕೊಂಡು ಗಂಟಲು ಸರಿಮಾಡಿಕೊಂಡ.

"ಗ್ಯಾಲ್‌ಬ್ರೇತ್ ಗೋತ್ರಾಂ, ಇಂಗ್ರಿಡ್ ನಾಮ್ನೀಂ, ಸ್ವಧಾ ನಮಸ್ತರ್ಪಯಾಮಿ."

ಎಳ್ಳುನೀರು ಹೆಬ್ಬೆರಳ ಸಂದಿಯಿಂದ ಇಳಿಯಿತು. ಏನೂ ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪದ್ಮಾ ಉಸಿರು ಬಿಟ್ಟಳು.

"ಗ್ಯಾಲ್‌ಬ್ರೇತ್ ಗೋತ್ರಾಂ, ಇಂಗ್ರಿಡ್ ನಾಮ್ನೀಂ..."

ಹಿಂದೆ, ಮಂಜಿನೊಳಗೆ ಎಲ್ಲೋ, ಪಕ್ಕದ ಗೇಟಿನ ಚಿಲಕ ಸರಿದ ಸದ್ದು. ಶೇಷಗಿರಿ ಎಳ್ಳನ್ನು ಬಿಗಿಯಾಗಿ ಹಿಡಿದುಕೊಂಡ. ತಿರುಗಿ ನೋಡುವ ಹಾಗಿಲ್ಲ. ಮೂರು ಸಲ ಮುಗಿಸಲೇಬೇಕು. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕೂಗಿಬಿಟ್ಟ.

"ಗ್ಯಾಲ್‌ಬ್ರೇತ್ ಗೋತ್ರಾಂ, ಇಂಗ್ರಿಡ್ ನಾಮ್ನೀಂ!"

"ಯೆಸ್?" ಎಂದಿತು ಬೆನ್ನ ಹಿಂದೆ ಒಂದು ಹೆಂಗಸಿನ ದನಿ.

ತಾಮ್ರದ ತಂಬಿಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತ ಹೋಗಿ ಹುಲ್ಲಿನ ಮೇಲೆ ನಿಂತಿತು. ಶೇಷಗಿರಿ ಹೇಗೋ ತಿರುಗಿದ. ಮಂಜಿನಲ್ಲಿ ಬಿಳಿಯ ಕೂದಲು, ಬಿಳಿಯ ಕೋಟು, ಊರುಗೋಲು. ಕಾಲಿನ ಕಡೆ ನೋಡಿದ. ಪಾದಗಳು ಮುಂದಕ್ಕೇ ಇದ್ದವು, ಅದೂ ಕೆಸರು ಮೆತ್ತಿದ ಬೂಟಿನಲ್ಲಿ.

"ಬೆಲ್ ಮಾಡಿದೆ, ಯಾರೂ ಬರಲಿಲ್ಲ," ಎಂದರು ಆಕೆ ಇಂಗ್ಲಿಷಿನಲ್ಲಿ. "ಅಷ್ಟರಲ್ಲಿ ನೀವೇ ನನ್ನ ಹೆಸರು ಹಿಡಿದು ಕರೆದಿರಿ. ಏನು ಮಾಡ್ತಿದೀರಿ?"

ಶೇಷಗಿರಿಯ ಬಾಯಿಗೆ ಕುಕ್ಕೆ ಬಿದ್ದಿತ್ತು. ಮುಂದೆ ಬಂದವಳು ಪದ್ಮಾ. "ನಿಮ್ಮ ಆರೋಗ್ಯಕ್ಕೆ ಪ್ರಾರ್ಥನೆ. ನಮ್ಮಲ್ಲಿ ಪದ್ಧತಿ. ಊಟಕ್ಕೆ ಬನ್ನಿ."

ಪುಣ್ಯಕ್ಕೆ ಬ್ರಾಹ್ಮಣಾರ್ಥಕ್ಕೆ ಯಾರನ್ನೂ ಕರೆದಿರಲಿಲ್ಲ. ತಮ್ಮ ತರ್ಪಣದ ಊಟವನ್ನು ಇಂಗ್ರಿಡಮ್ಮ ತಾವೇ ಕೂತು ಉಂಡರು. ವಡೆ ಎರಡನೇ ಸಲ ಹಾಕಿಸಿಕೊಂಡರು. ಹಾಗಲಕಾಯಿ ಗೊಜ್ಜನ್ನು ಬೆರಳಿನಿಂದ ನೆಕ್ಕಿದರು. ಮಂಡಿನೋವಿಗೆ ಈ ಮನೆಯ ಮೆಟ್ಟಿಲು ಹತ್ತಲಾಗದೆ, ಎವರೆಟ್ಟಿನಲ್ಲಿ ಸಮುದ್ರ ಕಾಣುವ ಒಂದು ವೃದ್ಧಾಶ್ರಮಕ್ಕೆ ಹೋದದ್ದಾಗಿ ಹೇಳಿದರು. ಮನೆ ಮಾರಲು ಮಗನಿಗೆ ಹೇಳಿದ್ದೇ ತಾವಂತೆ. ಆ ಕರಡಿ ಪಟವೊಂದನ್ನು ಅವನು ಮರೆತಿದ್ದ, ಅದಕ್ಕೆ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರು.

ಹಾಗಾದರೆ ಹಗಲೆಲ್ಲ ಈಯಮ್ಮನೇ ಹಳೆಯ ಬೀಗದಕೈ ಹಿಡಿದು ಬರುತ್ತಿದ್ದರು! ಶೇಷಗಿರಿಗೆ ಹೋದ ಜೀವ ಬಂದ ಹಾಗಾಯಿತು. ಸದ್ದಿನ ಮೂಲ ಸಿಕ್ಕಿತ್ತು. "ನೀವು ಹೀಗೆ ಬಂದು ನಮ್ಮ ಲೋಟ ತೊಳೀಬೇಕಾಗಿರಲಿಲ್ಲ," ಎಂದ, ಔದಾರ್ಯದಿಂದ.

ಇಂಗ್ರಿಡಮ್ಮ ಚಮಚ ಕೆಳಗಿಟ್ಟರು.

"ನಾನು ಹೋದ ಮೇಲೆ ಬಂದದ್ದು ಇವತ್ತೇ. ಬೀಗದಕೈ ಮಗ ನಿಮಗೇ ಕೊಟ್ಟ," ಎಂದರು. "ಮತ್ತೆ ನಾನು ಈ ಮನೇಲಿ ಯಾವತ್ತೂ ಲೋಟ ತೊಳೆದವಳಲ್ಲ. ನಾನು ನಾರ್ವೆ ಕಡೆಯವರ ಮಗಳು. ಗ್ಯಾಲ್‌ಬ್ರೇತ್ ನನ್ನ ಗಂಡ ಅಲೆಕ್. ಸಿಂಕಿನಲ್ಲಿ ಒಂದು ಕಪ್ ಬಿದ್ದಿದ್ರೆ ಅವನಿಗೆ ಸಮಾಧಾನ ಇರ್ತಿರಲಿಲ್ಲ. ತೊಳೆದು, ನೀಲಿ ಬಟ್ಟೆ ಹಾಸಿ, ಬೋರಲು ಹಾಕ್ತಿದ್ದ. ಆಮೇಲೆ ಅಲ್ಲೇ ಕಿಟಕಿ ಹತ್ತಿರ ನಿಂತು ಪೈಪ್ ಸೇದ್ತಿದ್ದ. ಸುಟ್ಟ ಸಕ್ಕರೆಯ ವಾಸನೆ ಬರೋ ತಂಬಾಕು. ಅವನು ಹೋದದ್ದೂ ಅಲ್ಲೇ. ಕೈಯಲ್ಲಿ ಒರೆಸುಬಟ್ಟೆ ಇತ್ತು."

ಯಾರೂ ಅಡುಗೆಮನೆಯ ಕಡೆ ತಿರುಗಿ ನೋಡಲಿಲ್ಲ. ತಿರುಗದೆಯೇ ಮೂವರಿಗೂ ಆ ವಾಸನೆ ತಿಳಿಯಿತು.

ಹೊರಡುವಾಗ ಆಕೆ ಪಟದ ಮುಂದೆ ಸ್ವಲ್ಪ ಹೊತ್ತು ನಿಂತರು. ಮುಟ್ಟಿದರು, ತೆಗೆಯಲಿಲ್ಲ. "ಇಲ್ಲೇ ಇರಲಿ," ಎಂದರು. "ಅವನು ಇಲ್ಲೇ ಇದ್ದಾನಲ್ಲ."

ಟ್ಯಾಕ್ಸಿ ಮಂಜಿನೊಳಗೆ ಕರಗಿದ ಕೂಡಲೇ ಶೇಷಗಿರಿ ಓಡಿಬಂದು ತಂಬಿಗೆ ಹುಡುಕತೊಡಗಿದ. "ಇನ್ನೂ ಹೊತ್ತು ಮೀರಿಲ್ಲ ಪದ್ಮಾ. ಗೋತ್ರ ಹೇಗೂ ಸರಿಯಾಗಿದೆ, ಹೆಸರು ಬದಲಾಯಿಸಿದರೆ ಆಯ್ತು. ಎಳ್ಳೆಲ್ಲಿ?"

ಎಳ್ಳಿನ ಡಬ್ಬಿ ಪದ್ಮಾಳ ಕಂಕುಳಲ್ಲಿತ್ತು. ಮುಖದಲ್ಲಿ ಅವನು ಮದುವೆಯಾದಂದಿನಿಂದ ಕಾಣದಿದ್ದ ಒಂದು ತೇಜಸ್ಸು.

"ಗಂಡಸು," ಎಂದಳು ಮೆಲ್ಲಗೆ. "ಗಂಡಸು ಕಣ್ರೀ. ಸತ್ತ ಮೇಲೂ ಸಿಂಕು ಬಿಟ್ಟಿಲ್ಲ!"

"ಅದಕ್ಕೇ ಹೇಳಿದ್ದು, ಕಳಿಸಿಬಿಡೋಣ. ನೀನೇ ಅಲ್ವಾ, ನವರಾತ್ರಿ ಒಳಗೆ..."

"ನಾನು ಹೇಳಿದ್ದು ಇನ್ನೊಬ್ಬಳಿಗೆ. ಅಲೆಕ್ ಮಾವನಿಗೆ ಅಲ್ಲ. ಮುಟ್ಟಿದ್ರೆ ನೋಡಿ ಈ ಎಳ್ಳನ್ನ! ನಾಳೆ ಬೊಂಬೆ ಇಲ್ಲೇ ಕೂರಿಸ್ತೀನಿ. ಮನೆ ಮಾರೋ ಮಾತು ಇನ್ನೊಮ್ಮೆ ಎತ್ತಬೇಡಿ."

"ಎತ್ತಿದೋಳು ನೀನು!"

ಹೀಗೆ ಶೇಷಗಿರಿಗೆ ಮನೆ ಉಳಿಯಿತು, ಮಾನ ಉಳಿಯಲಿಲ್ಲ. ನವರಾತ್ರಿಯುದ್ದಕ್ಕೂ ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರಿಗೆಲ್ಲ ಪದ್ಮಾ ಬೊಂಬೆಗಳಿಗಿಂತ ಮೊದಲು ಲೋಟಗಳನ್ನು ತೋರಿಸಿದಳು. ಅವರು ಲೋಟ ನೋಡಿ, ಆಮೇಲೆ ಶೇಷಗಿರಿಯನ್ನು ನೋಡಿ, ನಿಟ್ಟುಸಿರು ಬಿಟ್ಟು ಹೋದರು. ಸಂಜೆ ಪದ್ಮಾ ಅಡುಗೆಮನೆಗೆ ಹೋಗಿ "ಥ್ಯಾಂಕ್ಸ್ ಮಾವಾ" ಎನ್ನುವಾಗ ಅವಳ ದನಿ ಅಷ್ಟು ಮೃದುವಾಗಿರುವುದನ್ನು ಅವನು ಕೇಳಬೇಕಾಯಿತು.

ಹಬ್ಬ ಮುಗಿದ ಮೇಲೆ ಒಂದು ದಿನ ಅವನು ಕಾರ್ಖಾನೆಯಿಂದ ಬೇಗ ಬಂದ. ಪದ್ಮಾ ಇನ್ನೂ ಬಂದಿರಲಿಲ್ಲ. ಲೋಟಗಳು ಸಿಂಕಿನಲ್ಲೇ ಇದ್ದವು. ಶೇಷಗಿರಿ ಕೋಟು ಬಿಚ್ಚಿ, ತೋಳು ಮಡಚಿ, ಜೀವಮಾನದಲ್ಲಿ ಮೊದಲ ಸಲ ಎರಡೂ ಲೋಟಗಳನ್ನು ತೊಳೆದ. ನೀಲಿ ಬಟ್ಟೆಯ ಮೇಲೆ ಬೋರಲು ಹಾಕಿದ. ಎದೆಯುಬ್ಬಿಸಿ, ಬೂಟು ಬಿಚ್ಚಲು ನಡುಮನೆಗೆ ಹೋದ.

ಒಳಗೆ ಸ್ಟೀಲಿಗೆ ಸ್ಟೀಲು ತಾಗಿದ ಸಣ್ಣ ಸದ್ದಾಯಿತು.

ಅವನು ಬಂದು ನೋಡಿದ. ಬಟ್ಟೆಯ ಮೇಲೆ ಒಂದೇ ಲೋಟ ಇತ್ತು. ರುಕ್ಮಿಣಿಯ ಹೆಸರಿನದು ಸಿಂಕಿಗೆ ವಾಪಸಾಗಿತ್ತು. ಬಗ್ಗಿ ನೋಡಿದರೆ ಅದರ ತಳದಲ್ಲಿ ಕಾಫಿಯ ಒಂದು ತೆಳು ಗೆರೆ ಉಳಿದಿತ್ತು.

ಕಿಟಕಿಯ ಹತ್ತಿರ ಸಕ್ಕರೆ ಸುಟ್ಟ ವಾಸನೆ ನಿಧಾನವಾಗಿ ಏಳುತ್ತಿತ್ತು, ಅವಸರವಿಲ್ಲದವರು ಕಾಯುವ ಹಾಗೆ. ಶೇಷಗಿರಿ ತೋಳು ಇನ್ನೊಂದಿಷ್ಟು ಮೇಲಕ್ಕೆ ಮಡಚಿ, ತಲೆ ತಗ್ಗಿಸಿಕೊಂಡು ನಲ್ಲಿ ತಿರುಗಿಸಿದ.